ಬಂಗಾರದ ಕೆಳಗಿನ ಮಣ್ಣು

ಶಾಲಾ ಪ್ರವಾಸಕ್ಕೆಂದು ಹೈದರಾಬಾದಿಗೆ ಹೋಗಿ ಬಂದ ಮಕ್ಕಳನ್ನು ‘ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಏನು ನೋಡಿದಿರಿ?’ ಎಂದು ಕೇಳಿದರೆ ಎರಡು ಉತ್ತರಗಳು ತಪ್ಪದೆ ಬರುತ್ತವೆ. ಒಂದು, ಗಂಟೆಗೊಮ್ಮೆ ಪುಟ್ಟ ಗೊಂಬೆಯೊಂದು ಹೊರಬಂದು ಜಾಗಟೆ ಬಾರಿಸುವ ಗಡಿಯಾರ. ಇನ್ನೊಂದು, ಇಟಲಿಯ ಶಿಲ್ಪಿ ಬೆನ್ಝೋನಿ ಕಡೆದ, ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಮೂರ್ತಿ. ಇವೆರಡರ ಮುಂದೆ ಜನ ಕಿಕ್ಕಿರಿದು ನಿಂತಿರುತ್ತಾರೆ. ಯೂರೋಪಿನ ಪೀಠೋಪಕರಣಗಳನ್ನು ಇಟ್ಟಿರುವ ಕೋಣೆಯಲ್ಲಿ ಮಾತ್ರ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫ್ರಾನ್ಸಿನ ಲೂಯಿ ಅರಸರ ಕಾಲದ ಶೈಲಿಯ ಕುರ್ಚಿಗಳು ಅಲ್ಲಿವೆ. ಸಾಲು ಮುಂದಕ್ಕೆ ಸರಿಯುವಾಗ ಯಾವುದೋ ಮಗು ಮೇಷ್ಟ್ರ ಅಂಗಿ ಜಗ್ಗಿ ಕೇಳುವ ಪ್ರಶ್ನೆ ಒಂದೇ: ‘ಸರ್, ಇದು ಪೂರ್ತಿ ಬಂಗಾರದ್ದೇನು?’

ಅವಸರದಲ್ಲಿ ಉತ್ತರ ಸಿಗದೆ ಉಳಿದ ಆ ಪ್ರಶ್ನೆಯನ್ನು ಈ ವಾರ ಎತ್ತಿಕೊಳ್ಳೋಣ.

ಹೌದು ಎಂದರೂ ಸರಿ, ಅಲ್ಲ ಎಂದರೂ ಸರಿ. ಅಂತಹ ಉತ್ತಮ ಕುರ್ಚಿಯ ಮೇಲೆ ಹೊಳೆಯುವುದು ಬಂಗಾರದ ಬಣ್ಣವಲ್ಲ, ನಿಜವಾದ ಚಿನ್ನವೇ. ಆದರೆ ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಚಿನ್ನವನ್ನು ಬಡಿದು ಬಡಿದು ಇಷ್ಟು ತೆಳುವಾಗಿಸಿದ ಹಾಳೆಗೆ ನಮ್ಮಲ್ಲಿ ಚಿನ್ನದ ರೇಕು ಎನ್ನುತ್ತಾರೆ. ಹೈದರಾಬಾದಿನ ಹಳೆಯ ಪಟ್ಟಣದಲ್ಲಿ ಮಿಠಾಯಿಯ ಮೇಲೆ ಹಚ್ಚುವ ಬೆಳ್ಳಿಯ ವರಖನ್ನು ಸುತ್ತಿಗೆಯಿಂದ ಬಡಿಯುವ ಸದ್ದನ್ನು ಕೇಳಿದವರಿಗೆ ಈ ಕೆಲಸ ಹೊಸದಲ್ಲ. ಇಡೀ ಕುರ್ಚಿಯ ಚಿನ್ನವನ್ನು ಕೆರೆದು ಕರಗಿಸಿದರೂ ಒಂದೆರಡು ಸಣ್ಣ ಉಂಗುರಗಳಿಗಿಂತ ಹೆಚ್ಚಾಗಲಾರದು. ಹಾಗಾದರೆ ಉಳಿದುದೆಲ್ಲ ಏನು? ಮರ, ಸರೇಸು, ಸೀಮೆಸುಣ್ಣ, ಕೆಮ್ಮಣ್ಣು, ಮತ್ತು ಹಲವು ಜನರ ಕೈಕೆಲಸ.

ಮೊದಲು ಇಂತಹ ಕುರ್ಚಿಯನ್ನು ಗುರುತಿಸುವ ಬಗೆ ತಿಳಿಯೋಣ. ಹದಿನೈದನೆಯ ಲೂಯಿಯ ಕಾಲದ ಕುರ್ಚಿಯಲ್ಲಿ ನೇರ ಗೆರೆಯೇ ಅಪರೂಪ. ಕಾಲುಗಳು ಬಳ್ಳಿಯಂತೆ ಬಾಗಿ ಬಳುಕುತ್ತವೆ. ಅವನ ಮೊಮ್ಮಗ ಹದಿನಾರನೆಯ ಲೂಯಿ 1774ರಲ್ಲಿ ಪಟ್ಟಕ್ಕೆ ಬರುವ ಹೊತ್ತಿಗೆ ರುಚಿ ಬದಲಾಗಿತ್ತು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಕಾಲದ ಹರ್ಕ್ಯುಲೇನಿಯಂ ಮತ್ತು ಪಾಂಪೇ ಪಟ್ಟಣಗಳ ಉತ್ಖನನ ಕ್ರಮವಾಗಿ 1738 ಮತ್ತು 1748ರಲ್ಲಿ ಆರಂಭವಾಗಿತ್ತು. ಅಲ್ಲಿ ದೊರೆತ ಪ್ರಾಚೀನ ಕಟ್ಟಡ, ಚಿತ್ರ, ಪಾತ್ರೆಗಳ ಆಕಾರಗಳು ಯೂರೋಪಿನ ಕುಶಲಕರ್ಮಿಗಳ ಕಣ್ಣನ್ನು ತಿದ್ದಿದವು. ಕುರ್ಚಿಯ ಕಾಲು ನೇರವಾಯಿತು. ಕೆಳಗೆ ಬರುತ್ತ ಸಣ್ಣದಾಯಿತು. ರೋಮನ್ ಕಂಬದ ಮೇಲಿರುವಂತಹ ಉದ್ದನೆಯ ಗೀರುಗಳು ಅದರ ಮೇಲೆ ಮೂಡಿದವು. ಕಾಲು ಮತ್ತು ಚೌಕಟ್ಟು ಕೂಡುವಲ್ಲಿ ಒಂದು ಚಿಕ್ಕ ಚೌಕ, ಆ ಚೌಕದ ನಡುವೆ ಒಂದು ಹೂವು. ಬೆನ್ನೊರಗು ಚೌಕಾಕಾರ ಅಥವಾ ಮೊಟ್ಟೆಯಾಕಾರ. ಅಂಚಿನುದ್ದಕ್ಕೂ ಮಣಿಸರ, ಎಲೆಯ ಹಾರ, ಸುರುಳಿ ಸುತ್ತಿದ ಪಟ್ಟಿ. ಇಷ್ಟು ಗುರುತುಗಳು ಕಂಡರೆ ಅದು ಹದಿನಾರನೆಯ ಲೂಯಿಯ ಶೈಲಿ ಎಂದು ಯಾವ ಮಗುವಾದರೂ ಹೇಳಬಹುದು.

ಈ ಕುರ್ಚಿಯನ್ನು ಮಾಡಿದವರು ಯಾರು? ಅರಸನಂತೂ ಅಲ್ಲ. ಒಬ್ಬನೇ ಬಡಿಗನೂ ಅಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ‘ಶ್ರೇಣಿ’ ಎಂದು ಕರೆಸಿಕೊಳ್ಳುವಂತಹ ಕಸುಬಿನ ಸಂಘಗಳು ಪ್ಯಾರಿಸ್ಸಿನಲ್ಲಿ ಬಲವಾಗಿದ್ದವು. ಒಂದು ಕಸುಬಿನವನು ಇನ್ನೊಂದು ಕಸುಬಿಗೆ ಕೈಹಾಕುವಂತಿರಲಿಲ್ಲ. ಬಡಿಗನು ಬೀಚ್ ಅಥವಾ ಅಕ್ರೋಟ್ ಮರದಿಂದ ಚೌಕಟ್ಟು ಕಟ್ಟುತ್ತಿದ್ದ. ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಗುಂಡಿ ಕೊರೆದು, ಎರಡನ್ನೂ ಕೂಡಿಸಿ ಮರದ ಗೂಟ ಹೊಡೆಯುತ್ತಿದ್ದ. ಎತ್ತಿನ ಬಂಡಿಯನ್ನು ಕಟ್ಟುವಾಗ ನಮ್ಮೂರ ಬಡಿಗರು ಮಾಡುತ್ತಿದ್ದುದೂ ಇದನ್ನೇ. ಬಳಿಕ ಚೌಕಟ್ಟು ಕೆತ್ತನೆಗಾರನ ಬಳಿಗೆ ಹೋಗುತ್ತಿತ್ತು. ಹೂವು, ಮಣಿ, ಎಲೆಗಳನ್ನು ಅವನು ಬಿಡಿಸುತ್ತಿದ್ದ. ಅಲ್ಲಿಂದ ಚಿನ್ನ ಹಚ್ಚುವವನ ಮನೆಗೆ. ಕಡೆಯಲ್ಲಿ ಗಾದಿ ಹೊಲಿಯುವವನ ಬಳಿಗೆ. ಅವನು ಕುದುರೆಯ ಕೂದಲನ್ನು ತುಂಬಿ ಮೇಲೆ ರೇಷ್ಮೆ ಹೊದಿಸುತ್ತಿದ್ದ. ಒಂದು ಆಸನಕ್ಕೆ ನಾಲ್ಕು ಮನೆ, ನಾಲ್ಕು ಕಸುಬು.

ಇವುಗಳಲ್ಲಿ ಚಿನ್ನ ಹಚ್ಚುವವನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಗುವಿನ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿದೆ. ಬರಿಯ ಮರದ ಮೇಲೆ ರೇಕನ್ನು ಅಂಟಿಸಿದರೆ ಮರದ ಎಳೆಗಳೆಲ್ಲ ಎದ್ದು ಕಾಣುತ್ತವೆ, ಹೊಳಪು ಬರುವುದಿಲ್ಲ. ಆದ್ದರಿಂದ ಮೊದಲು ಚರ್ಮವನ್ನು ಕುದಿಸಿ ತೆಗೆದ ಬಿಸಿ ಸರೇಸನ್ನು ಮರಕ್ಕೆ ಕುಡಿಸುತ್ತಾರೆ. ಅದರ ಮೇಲೆ ಸೀಮೆಸುಣ್ಣದ ನುಣುಪು ಪುಡಿಯನ್ನು ಅದೇ ಸರೇಸಿನಲ್ಲಿ ಕಲಸಿ ಲೇಪಿಸುತ್ತಾರೆ. ಒಂದು ಲೇಪ ಒಣಗಬೇಕು, ಇನ್ನೊಂದು ಬೀಳಬೇಕು. ಹೀಗೆ ಹತ್ತರ ಆಸುಪಾಸಿನಷ್ಟು ಲೇಪಗಳಾಗುವ ಹೊತ್ತಿಗೆ, ಕೆತ್ತನೆಗಾರ ಅಷ್ಟು ಕಷ್ಟಪಟ್ಟು ಬಿಡಿಸಿದ ಹೂವೆಲ್ಲ ಸುಣ್ಣದಲ್ಲಿ ಮುಳುಗಿ ಮೊಂಡಾಗಿರುತ್ತದೆ. ಆಗ ಕೊಕ್ಕೆಯಂತಹ ಸಣ್ಣ ಉಳಿಗಳಿಂದ ಆ ಸುಣ್ಣದ ಪದರದಲ್ಲಿಯೇ ಹೂವನ್ನು ಮತ್ತೆ ಕೆತ್ತುತ್ತಾರೆ. ನಾವು ಮೆಚ್ಚುವ ಎಸಳಿನ ನರ, ಎಲೆಯ ಚೂಪು ಅಂಚು, ಇವು ಹಲವು ಬಾರಿ ಮರದಲ್ಲಿ ಇರುವುದಿಲ್ಲ; ಈ ಸುಣ್ಣದಲ್ಲಿ ಇರುತ್ತವೆ.

ಅನಂತರ ಹಳದಿ ಕಾವಿಯ ಒಂದು ಲೇಪ. ಅದರ ಮೇಲೆ, ಹೊಳಪು ಬೇಕಾದ ಕಡೆಗಳಲ್ಲಿ, ಜಿಡ್ಡಿನಂತೆ ನುಣುಪಾದ ಕೆಮ್ಮಣ್ಣು. ಹಳೆಯ ಕುರ್ಚಿಯ ತೋಳಿನ ತುದಿಯಲ್ಲಿ ಚಿನ್ನ ಸವೆದ ಕಡೆ ಕೆಂಪು ಇಣುಕುವುದನ್ನು ಕಂಡರೆ ಅದು ತುಕ್ಕಲ್ಲ, ಈ ಮಣ್ಣು. ಚಿನ್ನಕ್ಕೆ ಬೆಚ್ಚನೆಯ ಬಣ್ಣ ಬರುವುದೂ, ತಿಕ್ಕಿದಾಗ ಅದು ಹರಿಯದೆ ಹೊಳೆಯುವುದೂ ಈ ಮಣ್ಣಿನಿಂದಲೇ. ಕೆಮ್ಮಣ್ಣಿನ ಮೇಲೆ ತಣ್ಣೀರು ಹಚ್ಚಿ, ಅಳಿಲಿನ ಕೂದಲಿನ ಚಪ್ಪಟೆ ಕುಂಚದಿಂದ ರೇಕನ್ನು ಎತ್ತಿ ಇಟ್ಟರೆ ನೀರು ಅದನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಉಸಿರು ಜೋರಾಗಿ ಬಿಟ್ಟರೆ ರೇಕು ಹಾರಿಹೋಗುತ್ತದೆ. ಕೊನೆಗೆ ಅಕೀಕು ಕಲ್ಲಿನಿಂದ ತಿಕ್ಕಿ ಮೆರುಗು ಕೊಡುತ್ತಾರೆ. ಒದ್ದೆ ಆರುವ ಮುಂಚೆ ತಿಕ್ಕಿದರೆ ಚಿನ್ನ ಕಿತ್ತುಬರುತ್ತದೆ; ಪೂರ್ತಿ ಒಣಗಿದ ಮೇಲೆ ತಿಕ್ಕಿದರೆ ಮೆರುಗು ಏರುವುದಿಲ್ಲ. ಆ ನಡುವಿನ ಹೊತ್ತನ್ನು ಯಾವ ಗಡಿಯಾರವೂ ಹೇಳುವುದಿಲ್ಲ, ಕೈಯೇ ಹೇಳಬೇಕು. ಎಲ್ಲ ಕಡೆಯೂ ಮೆರುಗು ಕೊಡುವುದೂ ಇಲ್ಲ. ಉಬ್ಬಿದ ಭಾಗ ಹೊಳೆಯಬೇಕು, ತಗ್ಗು ಮಂಕಾಗಿರಬೇಕು. ಆಗಲೇ ಕೆತ್ತನೆಗೆ ಜೀವ.

ಇದರಲ್ಲಿ ಮನೆಯವರಿಗೂ ಒಂದು ತಿಳಿವಳಿಕೆಯಿದೆ. ಹೀಗೆ ಹಚ್ಚಿದ ಚಿನ್ನಕ್ಕೆ ನೀರೇ ವೈರಿ. ಕೆಳಗಿನ ಸರೇಸು ನೀರಿಗೆ ಕರಗುತ್ತದೆ. ಹಳೆಯ ಕನ್ನಡಿಯ ಅಥವಾ ದೇವರ ಪಟದ ಗಿಲೀಟು ಚೌಕಟ್ಟನ್ನು ಹಬ್ಬದ ದಿನ ಒದ್ದೆ ಬಟ್ಟೆಯಿಂದ ಒರೆಸಿ, ಚಿನ್ನವೆಲ್ಲ ಬಟ್ಟೆಗೆ ಬಂದದ್ದನ್ನು ಕಂಡು ಕೈ ಹಿಸುಕಿಕೊಂಡವರು ಇದ್ದಾರೆ. ಒಣಗಿದ ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು.

ಇನ್ನು ಹೆಸರಿನ ಮಾತು. 18ನೆಯ ಶತಮಾನದ ನಡುವಿನಿಂದ ಪ್ಯಾರಿಸ್ಸಿನ ಬಡಿಗರ ಸಂಘವು ಒಂದು ನಿಯಮವನ್ನು ಕಡ್ಡಾಯ ಮಾಡಿತು: ಸಂಘದ ಗುರುಬಡಿಗನು ತಾನು ಮಾಡಿದ ಸಾಮಾನಿನ ಮೇಲೆ ಕಬ್ಬಿಣದ ಮುದ್ರೆಯಿಂದ ತನ್ನ ಹೆಸರು ಒತ್ತಬೇಕು. ಕುರ್ಚಿಯಲ್ಲಿ ಆ ಮುದ್ರೆ ಸಾಮಾನ್ಯವಾಗಿ ಆಸನದ ಚೌಕಟ್ಟಿನ ಒಳಮೈಯಲ್ಲಿರುತ್ತದೆ. ಕುಳಿತವರಿಗೆ ಕಾಣುವುದಿಲ್ಲ, ಕುರ್ಚಿಯನ್ನು ಬೋರಲು ಹಾಕಿದವರಿಗೆ ಮಾತ್ರ ಕಾಣುತ್ತದೆ. ಹಾಗಿದ್ದರೂ ಆ ಒಂದು ಮುದ್ರೆಯ ಬಲದಿಂದ ಝಾರ್ಜ್ ಝಾಕೊಬ್ (1739–1814) ಎಂಬ ಬಡಿಗನ ಹೆಸರು ಇಂದಿಗೂ ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿದೆ. ಆದರೆ ಚಿನ್ನ ಹಚ್ಚಿದವನು ಕುರ್ಚಿಯ ಮೇಲೆ ಹೆಸರು ಒತ್ತುತ್ತಿರಲಿಲ್ಲ. ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಅವನ ಕೆಲಸ, ಹೆಸರಿಲ್ಲದವನು ಅವನೇ. 1788ರಲ್ಲಿ ರಾಣಿ ಮೇರಿ ಆಂಟೊನೆಟ್‌ಳ ಸೇಂಟ್ ಕ್ಲೂ ಅರಮನೆಗೆಂದು ಸೆನೆ ಎಂಬ ಬಡಿಗ ಮಾಡಿದ ಒಂದು ತೋಳುಕುರ್ಚಿ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಬಣ್ಣ ಮತ್ತು ಚಿನ್ನ ಹಚ್ಚಿದವನು ಶತಾರ್ ಎಂಬವನು ಎಂದು ಇಂದು ಹೇಳಬಲ್ಲೆವು. ಇಂತಹ ಹೆಸರುಗಳು ಉಳಿಯುವುದು ಕುರ್ಚಿಯ ಮೇಲಲ್ಲ, ಅರಮನೆಯ ಲೆಕ್ಕಪತ್ರದಲ್ಲಿ. ಯಾರೋ ಒಬ್ಬ ಗುಮಾಸ್ತ ಬರೆದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಅದೇ 1788ರ ಆಗಸ್ಟ್ 10ರಂದು ಕನ್ನಡ ನೆಲದಿಂದ ಹೋದ ಮೂವರು ರಾಯಭಾರಿಗಳು ವರ್ಸೇ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಇಂಗ್ಲಿಷರ ವಿರುದ್ಧ ನೆರವು ಕೇಳಲು ಟಿಪ್ಪು ಸುಲ್ತಾನ್ ಅವರನ್ನು ಶ್ರೀರಂಗಪಟ್ಟಣದಿಂದ ಕಳುಹಿಸಿದ್ದ. ಕೇಳಿದ ನೆರವು ದೊರೆಯಲಿಲ್ಲ. ಸೇವ್ರ್ ಕಾರ್ಖಾನೆಯ ಪಿಂಗಾಣಿ ಮೊದಲಾದ ಉಡುಗೊರೆಗಳು ದೊರೆತವು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವ ದಂತದ ಕುರ್ಚಿಗಳನ್ನು ಆ ಲೂಯಿಯೇ ಟಿಪ್ಪುವಿಗೆ ಕೊಟ್ಟ ಕಾಣಿಕೆ ಎಂದು ಅಲ್ಲಿ ಪರಿಚಯಿಸುತ್ತಾರೆ. ಕೊಟ್ಟವನ ಹೆಸರೂ ಇದೆ, ಪಡೆದವನ ಹೆಸರೂ ಇದೆ. ದಂತವನ್ನು ಕೆತ್ತಿದವನ ಹೆಸರು ಮಾತ್ರ ಇಲ್ಲ.

ಮುಂದಿನ ವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿ. ಅರಸೊತ್ತಿಗೆ ಹೋಯಿತು, ಕಸುಬಿನ ಸಂಘಗಳನ್ನು 1791ರಲ್ಲಿ ರದ್ದುಮಾಡಲಾಯಿತು. 1793ರ ಆಗಸ್ಟಿನಿಂದ ಸುಮಾರು ಒಂದು ವರ್ಷದ ಕಾಲ ವರ್ಸೇ ಅರಮನೆಯ ಸಾಮಾನುಗಳು 17,000ಕ್ಕೂ ಹೆಚ್ಚು ಬಾಬುಗಳಲ್ಲಿ ಹರಾಜಾದವು. ಕೆಲವು ದಶಕಗಳ ಮೇಲೆ ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ ಅದೇ ಶೈಲಿ ಮತ್ತೆ ಮೆಚ್ಚುಗೆ ಪಡೆದು, ಹೊಸದಾಗಿ ಮಾಡಿದ ‘ಲೂಯಿ’ ಕುರ್ಚಿಗಳು ದೇಶದೇಶಗಳ ಸಿರಿವಂತರ ದಿವಾನಖಾನೆಗಳಿಗೆ ಹೋದವು. ನಿಜಾಮರ ರಾಜ್ಯದ ಶ್ರೀಮಂತರೂ ಯೂರೋಪಿನ ಸಾಮಾನುಗಳನ್ನು ತರಿಸಿಕೊಂಡರು. ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್ (1889–1949), ತಮ್ಮ ಸಂಪತ್ತನ್ನೂ ಆಯುಷ್ಯವನ್ನೂ ಸಂಗ್ರಹಕ್ಕೇ ಸವೆಸಿದರು. ಆ ಸಂಗ್ರಹ 1951ರ ಡಿಸೆಂಬರ್ 16ರಂದು ಸಾರ್ವಜನಿಕರಿಗೆ ತೆರೆಯಿತು. ನಮ್ಮ ಮಕ್ಕಳು ಆ ಕುರ್ಚಿಗಳ ಮುಂದೆ ನಿಲ್ಲುವಂತಾದದ್ದು ಹೀಗೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕಾದೀತು. ಲೂಯಿಯ ಶೈಲಿ ಎಂದರೆ ಲೂಯಿಯ ಕಾಲದ್ದೆಂದು ಅರ್ಥವಲ್ಲ. ಬಲ್ಲವರು ಹೊಳಪಿಗೆ ಮರುಳಾಗದೆ ಕುರ್ಚಿಯನ್ನು ಬೋರಲು ಹಾಕುತ್ತಾರೆ. ಮುದ್ರೆಯನ್ನು ಹುಡುಕುತ್ತಾರೆ, ಒಳಮೈಯಲ್ಲಿ ಕೈಗರಗಸದ ಮತ್ತು ಕೀಸುಳಿಯ ಗುರುತುಗಳನ್ನು ನೋಡುತ್ತಾರೆ. ಚಿನ್ನ ಹೇಳದ ಸತ್ಯವನ್ನು ಮರ ಹೇಳುತ್ತದೆ.

ಇಷ್ಟೆಲ್ಲ ಸೂಕ್ಷ್ಮಗಳು ಇನ್ನೂರೈವತ್ತು ವರ್ಷಗಳ ಮೇಲೆ ನಮಗೆ ತಿಳಿದದ್ದಾದರೂ ಹೇಗೆ? ಕುರ್ಚಿಗಳು ಉಳಿದದ್ದರಿಂದ ಮಾತ್ರವಲ್ಲ, ಮಾತುಗಳು ಉಳಿದದ್ದರಿಂದ. ಪ್ಯಾರಿಸ್ಸಿನಲ್ಲಿ ಆಂದ್ರೆ ಝಾಕೊಬ್ ರೂಬೋ ಎಂಬ ಬಡಿಗನಿದ್ದ. ಅವನ ತಂದೆಯೂ ಬಡಿಗ. ತನ್ನ ಕಸುಬಿನ ಪ್ರತಿಯೊಂದು ಹತಾರವನ್ನೂ ಪ್ರತಿಯೊಂದು ಜೋಡಣೆಯನ್ನೂ ಹೆಸರಿಸಿ, ಚಿತ್ರ ಬರೆದು, ತನ್ನ ತಾಯ್ನುಡಿಯಲ್ಲಿಯೇ ಅವನು ‘ಬಡಿಗನ ಕಲೆ’ ಎಂಬ ಮಹಾಗ್ರಂಥವನ್ನು ಬರೆದ. 1769ರಿಂದ 1775ರವರೆಗೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ ಅದು ಪ್ರಕಟವಾಯಿತು. ಅದೇ ಕಾಲದಲ್ಲಿ ವಾತೇನ್ ಎಂಬವನು ಚಿನ್ನ ಹಚ್ಚುವ ಕೆಲಸವನ್ನು ಹಂತಹಂತವಾಗಿ ಪುಸ್ತಕಕ್ಕಿಳಿಸಿದ. ಸಂಘಗಳು ಅಳಿದವು, ಅರಸ ಅಳಿದ; ಆ ಪುಸ್ತಕಗಳನ್ನು ತೆರೆದಿಟ್ಟುಕೊಂಡು ಇಂದಿಗೂ ಮುರಿದ ಕುರ್ಚಿಯನ್ನು ದುರಸ್ತಿ ಮಾಡುವವರಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ. ಸುಣ್ಣದ ಅಥವಾ ಮಣ್ಣಿನ ಲೇಪದ ಮೇಲೆ ಚಿನ್ನ ಕೂರಿಸುವ ವಿದ್ಯೆ ಕನ್ನಡಿಗರಿಗೆ ಹೊರಗಿನದಲ್ಲ. ಮೈಸೂರು ಶೈಲಿಯ ಚಿತ್ರದಲ್ಲಿ ದೇವರ ಕಿರೀಟ, ಸಿಂಹಾಸನಗಳನ್ನು ಮಕ್ಕಿ ಸಫೇದದ ಲೇಪದಿಂದ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳ ಅಂಗಗಳನ್ನು ಹುಣಸೆ ಬೀಜದ ಅಂಟು ಬೆರೆಸಿದ ‘ಕಿಟ್ಟ’ದಿಂದ ಕೂಡಿಸಿ, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒಡವೆಗಳನ್ನು ಉಬ್ಬಿಸಿ ಬರೆಯುತ್ತಾರೆ. ಫ್ರೆಂಚರ ಸೀಮೆಸುಣ್ಣ ಮತ್ತು ಸರೇಸಿನ ಯುಕ್ತಿಯೇ ಇಲ್ಲಿ ಕಲ್ಲು ಮತ್ತು ಹುಣಸೆಯಾಗಿದೆ.

ಇನ್ನೂ ಹತ್ತಿರ ಬಂದರೆ ಬೀದರ್. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಗೂ, ತಾಂಡೂರು ಕಲಬುರಗಿ ಜಿಲ್ಲೆಗೂ ಸೇರಿದ್ದವು. ಅಂದರೆ ಬಿದ್ರಿ ನಮಗೆ ನೆರೆರಾಜ್ಯದ ಕಲೆಯಲ್ಲ, ತವರಿನ ಕಲೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ಬಿಸಿನೀರಿನಲ್ಲಿ ಅದ್ದಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಪ್ಯಾರಿಸ್ಸಿನ ಚಿನ್ನ ಹೊಳೆದದ್ದು ಕೆಮ್ಮಣ್ಣಿನಿಂದ; ನಮ್ಮ ಬೆಳ್ಳಿ ಹೊಳೆಯುವುದು ಕೋಟೆಯ ಮಣ್ಣಿನಿಂದ. ಆ ಕಸುಬಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ, ಶತಮಾನಗಳ ಹೆಸರಿಲ್ಲದ ಕೈಗಳಿಗೆ ಒಂದು ಹೆಸರು ಬಂದಂತಾಯಿತು.

ಹೆಸರಿನ ವಿಷಯದಲ್ಲಿ ಈ ನೆಲಕ್ಕೆ ಇನ್ನೊಂದು ಹಿರಿಮೆಯಿದೆ. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಶರಣರು ತಮ್ಮ ಕಾಯಕವನ್ನು ಹೆಸರಿನ ಹಿಂದೆ ಬಚ್ಚಿಡಲಿಲ್ಲ, ಮುಂದೆ ಇಟ್ಟುಕೊಂಡರು: ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ. ಮರಗೆಲಸದವನು ತನ್ನ ಹತಾರವನ್ನೇ ಹೆಸರಾಗಿಸಿಕೊಂಡು ಬಾಚಿಕಾಯಕದ ಬಸವಯ್ಯನೆನಿಸಿದ, ವಚನಗಳನ್ನೂ ಬರೆದ. ಪ್ಯಾರಿಸ್ಸಿನ ಬಡಿಗ ಆಸನದ ಅಡಿಯಲ್ಲಿ ಹೆಸರು ಒತ್ತುವುದಕ್ಕೆ ಆರು ನೂರು ವರ್ಷ ಮೊದಲೇ ಇಲ್ಲಿನ ಬಡಿಗ ಕನ್ನಡದಲ್ಲಿ ಹೆಸರು ಹೇಳಿಕೊಂಡಿದ್ದ.

ಇಂದು ಏನಾಗಿದೆ? ಶಾಲೆಯ ದಾಖಲಾತಿ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಒಂದು ಸಾಲು ಇರುತ್ತದೆ. ಬಡಿಗತನ, ಕಮ್ಮಾರಿಕೆ, ಕಲ್ಲುಕೆಲಸ ಬಲ್ಲ ತಂದೆಯೂ ಅಲ್ಲಿ ಎಷ್ಟೋ ಬಾರಿ ‘ಕೂಲಿ’ ಎಂದು ಬರೆಸುತ್ತಾನೆ. ತಾಂಡೂರಿನ ಕಲ್ಲನ್ನು ಕನ್ನಡಿಯಂತೆ ಮಾಡುವವನೂ ಕೂಲಿ. ಬಿತ್ತುವ ಕೂರಿಗೆಯ ತಾಳುಗಳನ್ನು ಕೂದಲೆಳೆಯಷ್ಟೂ ತಪ್ಪದೆ ಜೋಡಿಸಬಲ್ಲವನೂ ಕೂಲಿ. ಮಗುವೂ ಅದನ್ನೇ ಓದಿಕೊಂಡು ಬೆಳೆಯುತ್ತದೆ. ತಂದೆಗೆ ಏನು ಗೊತ್ತು ಎಂಬುದು ಮಗುವಿಗೆ ಗೊತ್ತಾಗುವುದಿಲ್ಲ. ಟ್ರ್ಯಾಕ್ಟರು ಬಂದು ಕೂರಿಗೆ ಮೂಲೆ ಸೇರಿದುದಕ್ಕೆ ಯಾರನ್ನೂ ದೂರುವಂತಿಲ್ಲ. ಕೂರಿಗೆಯೊಡನೆ ಅದರ ಮಾತುಗಳೂ ಹೋಗುತ್ತಿವೆಯಲ್ಲ, ಅದಕ್ಕೆ ಮಾತ್ರ ನಾವೇ ಹೊಣೆ. ಬಾಚಿ, ಉಳಿ, ಕೊಡತಿ, ಕೀಸುಳಿ, ಬೈರಿಗೆ: ಈ ಐದು ಪದಗಳನ್ನು ನಿಮ್ಮ ಮನೆಯ ಮಗುವಿಗೆ ಕೇಳಿ ನೋಡಿ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೂ ಎರಡಕ್ಕಿಂತ ಹೆಚ್ಚು ತಿಳಿದಿದ್ದರೆ ಸಂತೋಷ.

ಆದ್ದರಿಂದ ಈ ವಾರ ಮಕ್ಕಳಿಗೊಂದು ಕೆಲಸ, ದೊಡ್ಡವರಿಗೊಂದು ಕೆಲಸ. ಮಕ್ಕಳೆ, ನಿಮ್ಮೂರಿನ ಹಿರಿಯ ಬಡಿಗರ ಬಳಿಗೆ ಒಂದು ನೋಟುಪುಸ್ತಕ ಹಿಡಿದು ಹೋಗಿರಿ. ಅವರನ್ನು ಅಜ್ಜ ಎಂದೋ ಕಾಕಾ ಎಂದೋ ಕರೆಯಿರಿ. ಎದುರಿಗೆ ಕುಳಿತು ಒಂದೊಂದು ಹತಾರವನ್ನೂ ತೋರಿಸಿ ಹೆಸರು ಕೇಳಿರಿ. ಅವರು ಕನ್ನಡದಲ್ಲಿ ಹೇಳಿದ್ದನ್ನು ಬರೆಯಿರಿ. ತೆಲುಗಿನಲ್ಲಿ, ದಖನಿಯಲ್ಲಿ ಬೇರೆ ಹೆಸರಿದ್ದರೆ ಪಕ್ಕದಲ್ಲಿ ಅದನ್ನೂ ಬರೆಯಿರಿ. ಹತಾರದ ಚಿತ್ರ ಬಿಡಿಸಿರಿ. ಕೊನೆಯ ಸಾಲಿನಲ್ಲಿ, ಅವರ ಒಪ್ಪಿಗೆ ಪಡೆದು, ಹೇಳಿಕೊಟ್ಟವರ ಹೆಸರನ್ನು ಪೂರ್ತಿಯಾಗಿ ಬರೆಯುವುದನ್ನು ಮರೆಯಬೇಡಿರಿ. ಹೀಗೆ ಹತ್ತು ಪುಟ ತುಂಬಿದರೆ ಅದು ನಿಮ್ಮೂರಿನ ‘ಬಡಿಗನ ಕಲೆ’.

ದೊಡ್ಡವರ ಕೆಲಸ ಇನ್ನೂ ಚಿಕ್ಕದು. ಬರುವ ವರ್ಷದ ಅರ್ಜಿಯಲ್ಲಿ ಆ ಸಾಲು ಬಂದಾಗ, ಬಲ್ಲ ಕಸುಬಿನ ಹೆಸರನ್ನೇ ಬರೆಸಿರಿ.